ಒಣ ಪ್ರದೇಶದಲ್ಲಿ ಬೆಳೆಗೆ ಎಷ್ಟು ನೀರು ಬೇಕು? ಲೆಕ್ಕ ಹಾಕುವ ಕ್ರಮ, ಹಂತ ಹಂತವಾಗಿ

‘ಒಂದು ಗಿಡಕ್ಕೆ ದಿನಕ್ಕೆ ಎಷ್ಟು ಲೀಟರ್ ಕೊಡಬೇಕು?’ ಎಂದು ಕೇಳುವವರು ತುಂಬ. ಗಿಡ ಯಾವುದು, ಎಷ್ಟು ದೊಡ್ಡದು, ಯಾವ ತಿಂಗಳು, ಎಂಥ ಮಣ್ಣು, ಗಾಳಿ ಹೇಗಿದೆ ಎಂದು ಗೊತ್ತಿಲ್ಲದೆ ಯಾರಾದರೂ ಥಟ್ಟನೆ ಒಂದು ಅಂಕಿ ಹೇಳಿದರೆ ಅದನ್ನು ನಂಬಬೇಡಿ. ಒಂದೇ ಟೊಮೆಟೊ ತಾಕಿಗೆ ನಾಟಿಯಾದ ವಾರ ದಿನಕ್ಕೆ 3 ಮಿಲಿಮೀಟರ್ ಸಾಕಾಗಬಹುದು, ಕಾಯಿ ತುಂಬುವ ಹೊತ್ತಿಗೆ 8 ಮಿಲಿಮೀಟರ್ ಬೇಕಾಗಬಹುದು.

ನೀರನ್ನು ಮೊದಲು ಮಿಲಿಮೀಟರಿನಲ್ಲಿ ಲೆಕ್ಕ ಹಾಕಿ, ಲೀಟರಿಗೆ ಕೊನೆಯಲ್ಲಿ ಬನ್ನಿ. ಮಳೆ, ಆವಿ, ಮಣ್ಣಿನ ಹದ ಮೂರೂ ಮಿಲಿಮೀಟರಿನಲ್ಲೇ ಇದ್ದರೆ ಕೂಡಿಸಿ ಕಳೆಯುವುದು ಸುಲಭ. ನೆನಪಿಡಬೇಕಾದದ್ದು ಇಷ್ಟೇ: ಒಂದು ಚದರ ಮೀಟರ್ ನೆಲದ ಮೇಲೆ 1 ಮಿ.ಮೀ. ನೀರು ಎಂದರೆ 1 ಲೀಟರ್. ಒಂದು ಹೆಕ್ಟೇರಿಗೆ ಅದು 10,000 ಲೀಟರ್, ಒಂದು ಎಕರೆಗೆ ಸುಮಾರು 4,047 ಲೀಟರ್.

ಮೊದಲೇ ಕೈಯಲ್ಲಿರಬೇಕಾದದ್ದು

ದಿನದ ಗರಿಷ್ಠ ಮತ್ತು ಕನಿಷ್ಠ ಉಷ್ಣಾಂಶ, ನಿಮ್ಮ ಜಾಗದ ಅಕ್ಷಾಂಶ, ಕನಿಷ್ಠ ಹತ್ತು ವರ್ಷದ ತಿಂಗಳವಾರು ಮಳೆ, ಬಿತ್ತಿದ ಅಥವಾ ನಾಟಿ ಮಾಡಿದ ದಿನಾಂಕ, ಮಣ್ಣಿನ ಬಗೆ, ನೀರಿನ ಇಸಿ (ನೀರಿನಲ್ಲಿರುವ ಉಪ್ಪಿನಂಶದ ಅಳತೆ), ಪಂಪು ಕೊಡುವ ನೀರು. ಗಾಳಿಯ ವೇಗ, ಆರ್ದ್ರತೆಯ ಅಂಕಿ ಸಿಕ್ಕರೆ ಇನ್ನೂ ಒಳ್ಳೆಯದು. ಇದರ ಜೊತೆ ಒಂದು ಸಲಿಕೆ, 200 ಲೀಟರಿನ ಒಂದು ಡ್ರಮ್ಮು, ಕೈಗಡಿಯಾರ.

ಹಂತ 1: ವಾತಾವರಣ ದಿನಕ್ಕೆ ಎಷ್ಟು ನೀರು ಹೀರುತ್ತದೆ

ನೆಲದಿಂದ ಆವಿಯಾಗಿ ಹೋಗುವ ನೀರು, ಎಲೆಗಳ ಮೂಲಕ ಹೊರಹೋಗುವ ನೀರು, ಇವೆರಡನ್ನೂ ಸೇರಿಸಿ ‘ಇಟಿ’ ಎನ್ನುತ್ತಾರೆ. ಚೆನ್ನಾಗಿ ನೀರುಂಡ, 12 ಸೆಂ.ಮೀ. ಎತ್ತರದ, ನೆಲ ಪೂರ್ತಿ ಮುಚ್ಚಿದ ಹಸಿರು ಹುಲ್ಲು ಕಳೆದುಕೊಳ್ಳುವ ನೀರನ್ನು ಅಳತೆಗೋಲಾಗಿ ಇಟ್ಟುಕೊಂಡಿದ್ದಾರೆ. ಅದೇ ‘ಇಟಿಒ’, ಅಂದರೆ ಆಧಾರ ಆವಿನಷ್ಟ. ಇದು ಹವೆಯ ಲೆಕ್ಕ, ಇದರಲ್ಲಿ ನಿಮ್ಮ ಬೆಳೆ ಇನ್ನೂ ಬಂದಿಲ್ಲ. ಇದನ್ನು ಪಡೆಯಲು ಮೂರು ದಾರಿಗಳಿವೆ.

ಮೊದಲನೆಯದು, ಹತ್ತಿರದ ಹವಾಮಾನ ಕೇಂದ್ರದ ಅಂಕಿಗಳಿಂದ ಪೆನ್‌ಮನ್-ಮಾಂಟೀತ್ ಸೂತ್ರದಲ್ಲಿ ಹಾಕಿದ ಲೆಕ್ಕ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ (ಎಫ್‌ಎಒ) 1998ರಲ್ಲಿ ತನ್ನ 56ನೇ ನೀರಾವರಿ ಕೈಪಿಡಿಯಲ್ಲಿ ಇದನ್ನೇ ಪ್ರಮಾಣಿತ ವಿಧಾನವೆಂದು ಮುಂದಿಟ್ಟಿತು. ಸೂತ್ರ ಉದ್ದವಾಗಿದೆ, ಕೈಯಲ್ಲಿ ಮಾಡುವ ಅಗತ್ಯವಿಲ್ಲ. ಅದೇ ಸಂಸ್ಥೆಯ ಕ್ರಾಪ್‌ವ್ಯಾಟ್ ಎಂಬ ಉಚಿತ ತಂತ್ರಾಂಶಕ್ಕೆ ಉಷ್ಣಾಂಶ, ಆರ್ದ್ರತೆ, ಗಾಳಿ, ಬಿಸಿಲಿನ ಗಂಟೆ ಕೊಟ್ಟರೆ ಇಟಿಒ ಕೊಡುತ್ತದೆ. ಎಡವುವುದು ಗಾಳಿಯ ಅಂಕಿಯಲ್ಲಿ. ಸೂತ್ರಕ್ಕೆ ಬೇಕಾದ್ದು ನೆಲದಿಂದ 2 ಮೀಟರ್ ಎತ್ತರದ ವೇಗ. ಮೊಬೈಲ್ ಆ್ಯಪ್‌ಗಳು ಸಾಮಾನ್ಯವಾಗಿ 10 ಮೀಟರ್ ಎತ್ತರದ ವೇಗವನ್ನು, ಅದೂ ಗಂಟೆಗೆ ಕಿಲೋಮೀಟರಿನಲ್ಲಿ ತೋರಿಸುತ್ತವೆ. ಅದನ್ನು 3.6ರಿಂದ ಭಾಗಿಸಿದರೆ ಸೆಕೆಂಡಿಗೆ ಮೀಟರ್ ಬರುತ್ತದೆ. ಬಂದದ್ದನ್ನು 0.75ರಿಂದ ಗುಣಿಸಿದರೆ 2 ಮೀಟರ್ ಎತ್ತರದ ವೇಗ.

ಎರಡನೆಯದು, ಉಷ್ಣಾಂಶ ಬಿಟ್ಟು ಬೇರೇನೂ ಸಿಗದಿದ್ದಾಗ ಬಳಸುವ ಹಾರ್ಗ್ರೀವ್ಸ್ ಸೂತ್ರ:

ಇಟಿಒ = 0.0023 × (ಸರಾಸರಿ ಉಷ್ಣಾಂಶ + 17.8) × √(ಗರಿಷ್ಠ − ಕನಿಷ್ಠ) × ಆರ್‌ಎ

ಇಲ್ಲಿ ಆರ್‌ಎ ಎಂದರೆ ವಾಯುಮಂಡಲದ ಮೇಲಂಚಿಗೆ ಬೀಳುವ ಬಿಸಿಲು, ಮಿಲಿಮೀಟರ್ ನೀರಿನ ಲೆಕ್ಕದಲ್ಲಿ. ಅದು ಅಕ್ಷಾಂಶ ಮತ್ತು ತಿಂಗಳನ್ನಷ್ಟೇ ಅವಲಂಬಿಸಿದೆ, ಸಿದ್ಧ ಕೋಷ್ಟಕಗಳಲ್ಲಿ ಸಿಗುತ್ತದೆ. ಉತ್ತರ 16 ಡಿಗ್ರಿ ಅಕ್ಷಾಂಶದಲ್ಲಿ ಜನವರಿಗೆ ಸುಮಾರು 12, ಏಪ್ರಿಲ್‌ಗೆ 15.5, ಜೂನ್‌ಗೆ 16, ಅಕ್ಟೋಬರ್‌ಗೆ 14. ಉತ್ತರ 30 ಡಿಗ್ರಿಯಲ್ಲಿ ಜನವರಿಗೆ ಸುಮಾರು 9, ಜೂನ್‌ಗೆ 17. ದಕ್ಷಿಣಾರ್ಧದವರು ಆರು ತಿಂಗಳು ಆಚೀಚೆ ಮಾಡಿಕೊಳ್ಳಬೇಕು.

ಒಂದು ಲೆಕ್ಕ ಮಾಡಿ ನೋಡೋಣ. 16 ಡಿಗ್ರಿ ಅಕ್ಷಾಂಶ, ಏಪ್ರಿಲ್ ತಿಂಗಳು. ಗರಿಷ್ಠ 38 ಡಿಗ್ರಿ, ಕನಿಷ್ಠ 22 ಡಿಗ್ರಿ ಸೆಲ್ಸಿಯಸ್. ಸರಾಸರಿ 30, ವ್ಯತ್ಯಾಸ 16, ಅದರ ವರ್ಗಮೂಲ 4.

0.0023 × 47.8 × 4 × 15.5 = 6.8 ಮಿ.ಮೀ. ದಿನಕ್ಕೆ.

ಈ ಸೂತ್ರಕ್ಕೆ ಗಾಳಿ ಗೊತ್ತಿಲ್ಲ. ಗಾಳಿ ಸೆಕೆಂಡಿಗೆ 3 ಮೀಟರ್ ದಾಟುವ ಬಯಲಿನಲ್ಲಿ ಇದು ನಿಜಕ್ಕಿಂತ ಕಡಿಮೆ ತೋರಿಸುತ್ತದೆ, ತೇವ ಹೆಚ್ಚಿರುವ ಕಡೆ ಹೆಚ್ಚು ತೋರಿಸುತ್ತದೆ. ಒಂದೊಂದು ದಿನಕ್ಕೆ ಬಳಸಬೇಡಿ. ಐದು ದಿನ, ಹತ್ತು ದಿನಗಳ ಸರಾಸರಿಗೆ ಬಳಸಿದರೆ ಮಾತ್ರ ನಂಬುವ ಹಾಗಿರುತ್ತದೆ.

ಮೂರನೆಯದು ಆವಿ ಬಾನಿ. ‘ಕ್ಲಾಸ್ ಎ’ ಬಾನಿಯ ವ್ಯಾಸ 120.7 ಸೆಂ.ಮೀ., ಆಳ 25 ಸೆಂ.ಮೀ. ಮರದ ಚೌಕಟ್ಟಿನ ಮೇಲೆ, ನೆಲದಿಂದ 15 ಸೆಂ.ಮೀ. ಎತ್ತರದಲ್ಲಿ, ಅಡಿಯಲ್ಲಿ ಗಾಳಿಯಾಡುವ ಹಾಗೆ ಇಡುತ್ತಾರೆ. ನೀರು ಅಂಚಿನಿಂದ 5ರಿಂದ 7.5 ಸೆಂ.ಮೀ. ಕೆಳಗಿರಬೇಕು. ದಿನವೂ ಒಂದೇ ಹೊತ್ತಿಗೆ ಎಷ್ಟು ಇಳಿದಿದೆ ನೋಡಿ, ಮಳೆ ಬಿದ್ದಿದ್ದರೆ ಅದನ್ನೂ ಕೂಡಿಸಿ, ಬಾನಿ ಗುಣಾಂಕದಿಂದ (ಬಾನಿಯ ಆವಿಯನ್ನು ಇಟಿಒಗೆ ತರುವ ಅಂಕಿ) ಗುಣಿಸಬೇಕು.

ಒಣ ಪ್ರದೇಶದಲ್ಲಿ ಅತಿ ಹೆಚ್ಚು ತಪ್ಪಾಗುವುದು ಇಲ್ಲೇ. ಎಲ್ಲ ಕಡೆ 0.7 ಎಂದು ಹಾಕಿಬಿಡುತ್ತಾರೆ. ಬಾನಿ ಇರುವ ಜಾಗದ ಸುತ್ತ ಗಾಳಿ ಬರುವ ಕಡೆ ನೂರು ಮೀಟರ್ ಹಸಿರು ಬೆಳೆ ಇದ್ದು, ಆರ್ದ್ರತೆ ಶೇ. 40ಕ್ಕಿಂತ ಕಡಿಮೆ, ಗಾಳಿ ಮಧ್ಯಮ ಎಂದಾದರೆ ಗುಣಾಂಕ 0.65. ಅದೇ ಬಾನಿಯ ಸುತ್ತ ನೂರು ಮೀಟರ್ ಒಣ ಬರಡು ನೆಲವಿದ್ದರೆ 0.50. ಬಾನಿ 12 ಮಿ.ಮೀ. ಇಳಿದ ದಿನ ಮೊದಲನೆಯದಕ್ಕೆ 7.8, ಎರಡನೆಯದಕ್ಕೆ 6.0 ಬರುತ್ತದೆ. ಹಕ್ಕಿಗಳು ಕುಡಿಯದಂತೆ ಬಲೆ ಹಾಕಿದ್ದರೆ ಆವಿ ಸುಮಾರು ಶೇ. 10 ಕಡಿಮೆಯಾಗುತ್ತದೆ, ಅದನ್ನು ಸರಿದೂಗಿಸಿ. ಬಲೆ ಹಾಕದಿದ್ದರೆ ಹಕ್ಕಿ ಕುಡಿದದ್ದೂ ನಿಮ್ಮ ಬೆಳೆಯ ಖಾತೆಗೇ ಬೀಳುತ್ತದೆ.

ಹಂತ 2: ನಿಮ್ಮ ಬೆಳೆ, ಅದರ ವಯಸ್ಸು

ಇಟಿಒವನ್ನು ‘ಬೆಳೆ ಗುಣಾಂಕ’ದಿಂದ (ಕೆಸಿ) ಗುಣಿಸಿದರೆ ಬೆಳೆಗೆ ಬೇಕಾದ ನೀರು. ಗುಣಾಂಕ ಬೆಳೆಯ ವಯಸ್ಸಿನೊಂದಿಗೆ ಬದಲಾಗುತ್ತದೆ. ಶುರುವಿನಲ್ಲಿ ಕಡಿಮೆ, ನೆಲ ಮುಚ್ಚುವವರೆಗೆ ಏರುತ್ತ ಹೋಗುತ್ತದೆ, ನಡುಹಂತದಲ್ಲಿ ನಿಲ್ಲುತ್ತದೆ, ಕೊಯ್ಲಿನ ಹೊತ್ತಿಗೆ ಇಳಿಯುತ್ತದೆ. ಕೆಳಗಿನವು ಎಫ್‌ಎಒ ಕೋಷ್ಟಕದ ಅಂಕಿಗಳು. ಕೊನೆಯ ಎರಡು ಅಂಕಣಗಳು ಹಂತ 4ಕ್ಕೆ ಬೇಕಾಗುತ್ತವೆ.

| ಬೆಳೆ | ಶುರು | ನಡು | ಕೊನೆ | ಬೇರಿನ ಆಳ (ಮೀ.) | ಸಲೀಸು ಪಾಲು |
|---|---|---|---|---|---|
| ಟೊಮೆಟೊ | 0.6 | 1.15 | 0.7–0.9 | 0.7–1.5 | 0.40 |
| ಈರುಳ್ಳಿ | 0.7 | 1.05 | 0.75 | 0.3–0.6 | 0.30 |
| ಮೆಕ್ಕೆಜೋಳ (ಕಾಳಿಗೆ) | 0.3 | 1.20 | 0.35–0.6 | 1.0–1.7 | 0.55 |
| ಜೋಳ | 0.3 | 1.0–1.1 | 0.55 | 1.0–2.0 | 0.55 |
| ಶೇಂಗಾ | 0.4 | 1.15 | 0.6 | 0.5–1.0 | 0.50 |
| ಹತ್ತಿ | 0.35 | 1.15–1.20 | 0.5–0.7 | 1.0–1.7 | 0.65 |

ದಿನಗಳ ವಿಷಯ: ಒಣ ಹವೆಯಲ್ಲಿ ಟೊಮೆಟೊಗೆ ಸಾಮಾನ್ಯವಾಗಿ ಹಿಡಿಯುವ ಲೆಕ್ಕ 30 ದಿನ ಶುರು, 40 ದಿನ ಬೆಳವಣಿಗೆ, 40 ದಿನ ನಡು, 25 ದಿನ ಕೊನೆ, ಒಟ್ಟು 135. ನಿಮ್ಮ ತಳಿ ಬೇರೆ ಇದ್ದರೆ ಕೋಷ್ಟಕ ಬಿಟ್ಟು ಹೊಲ ನೋಡಿ. ಶೇ. 10ರಷ್ಟು ನೆಲ ಮುಚ್ಚಿದ ದಿನ ಶುರು ಹಂತ ಮುಗಿಯಿತು, ನೆಲ ಪೂರ್ತಿ ಮುಚ್ಚಿದಾಗ ನಡುಹಂತ ಬಂತು, ಎಲೆ ಹಳದಿಗೆ ತಿರುಗತೊಡಗಿದಾಗ ಕೊನೆ ಹಂತ. ಕ್ಯಾಲೆಂಡರಿಗಿಂತ ಇದೇ ಸರಿ.

ಬೆಳವಣಿಗೆ ಹಂತದಲ್ಲಿ ಗುಣಾಂಕವನ್ನು ನೇರ ಗೆರೆಯಂತೆ ಏರಿಸಿ. 40 ದಿನದ ಹಂತದ 20ನೇ ದಿನಕ್ಕೆ 0.6 ಮತ್ತು 1.15ರ ನಡುವಿನ 0.88.

ಈಗ ಒಣ ಪ್ರದೇಶಕ್ಕೇ ವಿಶೇಷವಾದ ತಿದ್ದುಪಡಿ. ಕೋಷ್ಟಕದ ನಡುಹಂತದ ಅಂಕಿಗಳು ದಿನದ ಕನಿಷ್ಠ ಆರ್ದ್ರತೆ ಶೇ. 45, ಗಾಳಿ ಸೆಕೆಂಡಿಗೆ 2 ಮೀಟರ್ ಇರುವ ಕಡೆಗೆ ಹೊಂದುತ್ತವೆ. ನಿಮ್ಮಲ್ಲಿ ಮಧ್ಯಾಹ್ನ ಆರ್ದ್ರತೆ ಶೇ. 25ಕ್ಕೆ ಇಳಿದು, ಗಾಳಿ 3 ಮೀಟರ್ ಬೀಸುತ್ತಿದ್ದರೆ ಗುಣಾಂಕ ಏರಬೇಕು:

ಕೂಡಿಸಬೇಕಾದದ್ದು = [0.04 × (ಗಾಳಿ − 2) − 0.004 × (ಆರ್ದ್ರತೆ − 45)] × (ಬೆಳೆಯ ಎತ್ತರ ÷ 3)ರ 0.3ನೇ ಘಾತ

60 ಸೆಂ.ಮೀ. ಎತ್ತರದ ಟೊಮೆಟೊಗೆ ಇದು (0.04 + 0.08) × 0.62 = 0.07. ಅಂದರೆ 1.15 ಹೋಗಿ 1.22 ಆಯಿತು. ದಿನಕ್ಕೆ 6.8 × 1.22 = 8.3 ಮಿ.ಮೀ. ಎತ್ತರದ ಬೆಳೆಗೆ ಈ ಏರಿಕೆ ಇನ್ನೂ ಹೆಚ್ಚು. ಸುತ್ತ ಬರಡು ನೆಲ, ನಡುವೆ ನಿಮ್ಮದೊಂದೇ ಹಸಿರು ತುಂಡು ಎಂದಾದರೆ ಬಿಸಿಗಾಳಿ ಅಂಚಿನ ಸಾಲುಗಳನ್ನು ಇನ್ನೂ ಹೆಚ್ಚು ಹಿಂಡುತ್ತದೆ. ಹೊಲ ಚಿಕ್ಕದಾದಷ್ಟೂ ಅಂಚೇ ಹೆಚ್ಚು. ಗಾಳಿ ಬರುವ ಕಡೆಯ ಮೊದಲ ಸಾಲುಗಳು ಬೇಗ ಬಾಡುವುದು ಇದಕ್ಕೇ, ಅಲ್ಲಿ ಡ್ರಿಪ್ಪರ್ (ಹನಿ ನೀರಾವರಿ ಪೈಪಿನಲ್ಲಿ ಹನಿ ಬಿಡುವ ಬಿಲ್ಲೆ) ಕಟ್ಟಿದೆ ಎಂದು ಹುಡುಕುತ್ತ ಕೂರುವ ಮೊದಲು ಇದನ್ನು ನೆನೆಯಿರಿ.

ಶುರು ಹಂತದ ಗುಣಾಂಕಕ್ಕೆ ಇನ್ನೊಂದು ಎಚ್ಚರಿಕೆ. ಆಗ ಹೋಗುವ ನೀರಿನಲ್ಲಿ ಹೆಚ್ಚಿನ ಪಾಲು ಬರೀ ನೆಲದಿಂದ ಆವಿಯಾದದ್ದು. ದಿನವೂ ನೆಲವೆಲ್ಲ ತೋಯಿಸಿದರೆ 0.3 ಎಂದು ಬರೆದಲ್ಲಿ 0.8, 0.9 ಆಗಬಹುದು. ಹನಿ ನೀರಾವರಿಯಲ್ಲಿ ನೆಲದ ಮೂರನೇ ಒಂದು ಭಾಗ ಮಾತ್ರ ತೋಯುತ್ತದೆ, ಆಗ ಅಂಕಿ ಇಳಿಯುತ್ತದೆ.

ಹಣ್ಣಿನ ಮರಗಳು ಎಳೆಯದಿದ್ದಾಗ ಅಂತರದ ಪೂರ್ತಿ ಜಾಗಕ್ಕೆ ಲೆಕ್ಕ ಹಾಕಬೇಡಿ. 5 × 5 ಮೀಟರ್ ಅಂತರದ ಗಿಡದ ಪಾಲಿನ ನೆಲ 25 ಚದರ ಮೀಟರ್. ಹಂದರ (ಕೊಂಬೆ, ಎಲೆಗಳ ಹರವು) 2 ಮೀಟರ್ ವ್ಯಾಸವಿದ್ದರೆ ನೆರಳು ಬೀಳುವುದು 3.1 ಚದರ ಮೀಟರಿಗೆ, ಅಂದರೆ ಶೇ. 12.5. ಇದನ್ನು 0.85ರಿಂದ ಭಾಗಿಸಿದರೆ 0.15. ಪೂರ್ತಿ ಬೆಳೆದ ತೋಟದ ಲೆಕ್ಕವನ್ನು ಇದರಿಂದ ಗುಣಿಸಿ. ಇಟಿಒ 6, ಗುಣಾಂಕ 0.7 ಆದಾಗ ಬೆಳೆದ ಮರಕ್ಕೆ 105 ಲೀಟರ್, ಈ ಎಳೆ ಗಿಡಕ್ಕೆ ಸುಮಾರು 15 ಲೀಟರ್.

ಹಂತ 3: ಮಳೆಯನ್ನು ಕಳೆಯುವುದು, ಆದರೆ ಕೈಬಿಗಿ ಹಿಡಿದು

ಬಿದ್ದ ಮಳೆಯೆಲ್ಲ ಬೇರಿಗೆ ಸಿಗುವುದಿಲ್ಲ. ಬೇರಿಗೆ ದಕ್ಕುವ ಪಾಲೇ ‘ಪರಿಣಾಮಕಾರಿ ಮಳೆ’. ಹೆಚ್ಚು ಇಳಿಜಾರಿಲ್ಲದ ಹೊಲಕ್ಕೆ ಒಂದು ಸರಳ ಸೂತ್ರ: ತಿಂಗಳ ಮಳೆ 75 ಮಿ.ಮೀ. ಒಳಗಿದ್ದರೆ ಮಳೆ × 0.6 − 10, ಮೇಲಿದ್ದರೆ ಮಳೆ × 0.8 − 25. 60 ಮಿ.ಮೀ. ಬಿದ್ದರೆ ದಕ್ಕುವುದು 26. 100 ಬಿದ್ದರೆ 55. 15 ಬಿದ್ದರೆ ಏನೂ ಇಲ್ಲ. ದಿನದ ಲೆಕ್ಕ ಇಡುವವರು ಆ ದಿನದ ಇಟಿಒದ ಐದನೇ ಒಂದು ಭಾಗಕ್ಕಿಂತ ಕಡಿಮೆ ಬಿದ್ದ ಮಳೆಯನ್ನು ಪುಸ್ತಕದಲ್ಲಿ ಬರೆಯಲೇ ಬೇಡಿ.

ಮಳೆಯ ಸರಾಸರಿ ಒಣ ಪ್ರದೇಶದಲ್ಲಿ ಮೋಸ ಮಾಡುತ್ತದೆ. ಒಂದು ವರ್ಷ 150, ಮುಂದಿನ ನಾಲ್ಕು ವರ್ಷ ತಲಾ 10 ಎಂದಾದರೂ ಸರಾಸರಿ 38 ಬರುತ್ತದೆ! ಹತ್ತು ವರ್ಷದ ಅಂಕಿಗಳನ್ನು ದೊಡ್ಡದರಿಂದ ಚಿಕ್ಕದಕ್ಕೆ ಜೋಡಿಸಿ, ಎಂಟನೆಯದನ್ನು ಹಿಡಿಯಿರಿ. ಹೆಚ್ಚುಕಡಿಮೆ ನಾಲ್ಕರಲ್ಲಿ ಮೂರು ವರ್ಷ ಅಷ್ಟಾದರೂ ಬೀಳುತ್ತದೆ. ಎಷ್ಟು ಜಾಗಕ್ಕೆ ಬೆಳೆ ಹಾಕಬಹುದು ಎಂದು ನಿರ್ಧರಿಸಲು ಈ ಅಂಕಿ ಬಳಸಿ. ಬೆಳೆ ನಿಂತ ಮೇಲೆ ಆ ವರ್ಷ ನಿಜವಾಗಿ ಬಿದ್ದದ್ದೇ ಲೆಕ್ಕ.

ಹಂತ 4: ಮಣ್ಣಿನ ಹುಂಡಿ ಎಷ್ಟು ದೊಡ್ಡದು

ಎಷ್ಟು ನೀರು ಎಂಬುದು ಗೊತ್ತಾಯಿತು. ಎಷ್ಟು ದಿನಕ್ಕೊಮ್ಮೆ ಎಂದು ಹೇಳುವುದು ಮಣ್ಣು.

ನೀರು ಕಟ್ಟಿದ ಮೇಲೆ ಹೆಚ್ಚುವರಿ ಇಳಿದುಹೋಗಿ ಮಣ್ಣು ಹಿಡಿದಿಟ್ಟುಕೊಳ್ಳುವ ನೀರಿಗೆ ಕ್ಷೇತ್ರ ಸಾಮರ್ಥ್ಯ ಎನ್ನುತ್ತಾರೆ. ಗಿಡ ಎಷ್ಟು ಎಳೆದರೂ ಸಿಗದೆ, ಬಾಡಿ ಮೇಲೇಳದ ಮಟ್ಟ ಬಾಡುವ ಬಿಂದು. ಇವೆರಡರ ನಡುವಿನದು ಲಭ್ಯ ನೀರು. ಒಂದು ಮೀಟರ್ ಆಳದ ಮಣ್ಣಿಗೆ ಮರಳಿನಲ್ಲಿ 50ರಿಂದ 110 ಮಿ.ಮೀ., ಮರಳು ಮಿಶ್ರಿತ ಗೋಡಿನಲ್ಲಿ 110ರಿಂದ 150, ಗೋಡುಮಣ್ಣಿನಲ್ಲಿ 130ರಿಂದ 180, ಜೇಡಿಮಣ್ಣಿನಲ್ಲಿ 120ರಿಂದ 200. ಜೇಡಿಯಲ್ಲಿ ನೀರು ಬಹಳ ಕಂಡರೂ ಅದರಲ್ಲಿ ದೊಡ್ಡ ಪಾಲನ್ನು ಅದು ಬಿಟ್ಟುಕೊಡುವುದಿಲ್ಲ.

ಲಭ್ಯ ನೀರನ್ನು ಕೊನೆಯ ಹನಿಯವರೆಗೆ ಬಳಸುವ ಹಾಗಿಲ್ಲ. ಗಿಡಕ್ಕೆ ಕಷ್ಟವಾಗದಂತೆ ತೆಗೆಯಬಹುದಾದದ್ದು ಅದರ ಒಂದು ಪಾಲು ಮಾತ್ರ. ಮೇಲಿನ ಕೋಷ್ಟಕದಲ್ಲಿ ಅದನ್ನೇ ‘ಸಲೀಸು ಪಾಲು’ ಎಂದು ಬರೆದಿದ್ದೇವೆ. ಆ ಅಂಕಿಗಳು ದಿನಕ್ಕೆ 5 ಮಿ.ಮೀ. ಬಳಕೆಗೆ. ಬಳಕೆ ಹೆಚ್ಚಿದಷ್ಟೂ ಪಾಲು ಕಡಿಮೆ, ಏಕೆಂದರೆ ಬಿಸಿಲು ಎಳೆಯುವ ವೇಗಕ್ಕೆ ಒಣಗುತ್ತಿರುವ ಮಣ್ಣಿನಿಂದ ಬೇರಿಗೆ ನೀರು ಬಂದು ಸೇರುವುದಿಲ್ಲ:

ತಿದ್ದಿದ ಪಾಲು = ಕೋಷ್ಟಕದ ಪಾಲು + 0.04 × (5 − ದಿನದ ಬಳಕೆ)

ನಮ್ಮ ಟೊಮೆಟೊಗೆ 0.40 + 0.04 × (5 − 8.3) = 0.27.

ಗೋಡುಮಣ್ಣು, ಮೀಟರಿಗೆ 150 ಮಿ.ಮೀ., ಬೇರು 0.7 ಮೀಟರ್ ಎಂದುಕೊಳ್ಳಿ. ಹುಂಡಿ 105 ಮಿ.ಮೀ. ಸಲೀಸಾಗಿ ಸಿಗುವುದು 105 × 0.27 = 28 ಮಿ.ಮೀ. ದಿನಕ್ಕೆ 8.3ರಂತೆ ಮೂರು ದಿನಕ್ಕೆ ಚಿಲ್ಲರೆ. ಮೂರು ದಿನಕ್ಕೊಮ್ಮೆ ನೀರು ಕಟ್ಟಬೇಕು. ತಿದ್ದುಪಡಿ ಮಾಡದೆ 0.40 ಹಿಡಿದಿದ್ದರೆ ಐದು ದಿನ ಬರುತ್ತಿತ್ತು. ಕೊನೆಯ ಎರಡು ದಿನ ಹೊಲ ಹಸಿರಾಗೇ ಕಾಣುತ್ತದೆ, ಆದರೆ ಹೂ ಉದುರುತ್ತದೆ, ಕಾಯಿಯ ತುದಿ ಕಪ್ಪಾಗಿ ಕೊಳೆಯುವುದು ಹೆಚ್ಚುತ್ತದೆ.

ಬೇರಿನ ಆಳವನ್ನು ಪುಸ್ತಕದಿಂದ ತೆಗೆದುಕೊಳ್ಳಬೇಡಿ, ಗುಂಡಿ ತೋಡಿ ನೋಡಿ. 40 ಸೆಂ.ಮೀ.ಗೆ ಗಟ್ಟಿ ಪದರ ಸಿಕ್ಕರೆ ಬೇರು ಅಲ್ಲಿಗೇ ನಿಂತಿತು, ಲೆಕ್ಕವೂ ಅಲ್ಲಿಗೇ. ಎಳೆ ಸಸಿಗೆ 20 ಸೆಂ.ಮೀ. ಬೇರಿದ್ದಾಗ 60 ಸೆಂ.ಮೀ. ತೋಯಿಸಿದರೆ ಕೆಳಗಿನ ನೀರು ಅದಕ್ಕೆ ಎಟುಕುವುದಿಲ್ಲ. ನಾಟಿಯಾದ ಮೊದಲ ವಾರಗಳಲ್ಲಿ ಹೆಚ್ಚು ನೀರು ಪೋಲಾಗುವುದು ಹೀಗೇ.

ಹನಿ ನೀರಾವರಿಯವರಿಗೆ ಇಲ್ಲೊಂದು ಗುಟ್ಟಿದೆ. ಹನಿಯಲ್ಲಿ ನೆಲದ ಶೇ. 40 ಮಾತ್ರ ತೋಯುತ್ತಿದ್ದರೆ ಹುಂಡಿಯೂ ಅಷ್ಟೇ: 28ರ ಶೇ. 40 ಎಂದರೆ 11 ಮಿ.ಮೀ. ಒಂದು ದಿನದ ಖರ್ಚು 8.3. ನಡುಹಂತದಲ್ಲಿ ಒಂದು ದಿನ ಕರೆಂಟು ಕೈಕೊಟ್ಟರೆ ಮರುದಿನ ಮಧ್ಯಾಹ್ನಕ್ಕೇ ಗಿಡ ಕಷ್ಟಕ್ಕೆ ಬೀಳುತ್ತದೆ. ಒಂದು ದಿನದ ನೀರನ್ನಾದರೂ ತೊಟ್ಟಿಯಲ್ಲಿ ತುಂಬಿಟ್ಟುಕೊಳ್ಳುವುದು ಇದಕ್ಕಾಗಿ.

ಹಂತ 5: ಉಪ್ಪು ತೊಳೆಯುವ ನೀರು

ಒಣ ಪ್ರದೇಶದ ಕೊಳವೆ ಬಾವಿಯ ನೀರಿನಲ್ಲಿ ಲವಣ ಇದ್ದೇ ಇರುತ್ತದೆ. ಗಿಡ ನೀರು ಕುಡಿದು ಉಪ್ಪನ್ನು ಮಣ್ಣಿನಲ್ಲೇ ಬಿಡುತ್ತದೆ. ತೊಳೆದುಹಾಕಲು ಮಳೆ ಸಾಲದು. ಬೇರಿನ ವಲಯದಿಂದ ಕೆಳಕ್ಕೆ ಸ್ವಲ್ಪ ನೀರು ಬೇಕೆಂದೇ ಇಳಿಯಬಿಡಬೇಕು:

ತೊಳೆಯುವ ಪಾಲು = ನೀರಿನ ಇಸಿ ÷ (5 × ಬೆಳೆ ತಡೆಯುವ ಮಣ್ಣಿನ ಇಸಿ − ನೀರಿನ ಇಸಿ)

ಇಳುವರಿ ಕುಗ್ಗದಂತೆ ತಡೆಯುವ ಮಿತಿ, ಡೆಸಿಸೀಮನ್ಸ್ ಪ್ರತಿ ಮೀಟರಿಗೆ: ಈರುಳ್ಳಿ 1.2, ಮೆಕ್ಕೆಜೋಳ 1.7, ಟೊಮೆಟೊ 2.5, ಶೇಂಗಾ 3.2, ಜೋಳ 6.8, ಹತ್ತಿ 7.7. ನೀರಿನ ಇಸಿ 1.5 ಇದ್ದರೆ ಟೊಮೆಟೊಗೆ 1.5 ÷ (12.5 − 1.5) = 0.14. ಕೊಡುವ ನೀರಿನಲ್ಲಿ ಶೇ. 14 ತೊಳೆಯಲು ಹೋಗಬೇಕು. ಅದೇ ನೀರಿನಲ್ಲಿ ಈರುಳ್ಳಿ ಬೆಳೆದರೆ ಶೇ. 33 ಬೇಕು. ಅಂಥ ಕಡೆ ಬೆಳೆಯನ್ನೇ ಬದಲಿಸುವುದು ಲೇಸು. ಪರೀಕ್ಷೆಯ ವರದಿಯಲ್ಲಿ ಮೈಕ್ರೋಸೀಮನ್ಸ್ ಎಂದಿದ್ದರೆ 1,000ದಿಂದ ಭಾಗಿಸಿ, 1,500 ಎಂದರೆ 1.5.

ಹಾಯಿ ನೀರಿನವರು ಇದನ್ನು ಪ್ರತ್ಯೇಕವಾಗಿ ಕೂಡಿಸಬೇಕಾಗಿಲ್ಲ. ಸಾಲಿನಲ್ಲಿ ಹರಿಸುವಾಗ ಹೇಗೂ ಅದಕ್ಕಿಂತ ಹೆಚ್ಚು ಕೆಳಕ್ಕೆ ಇಳಿದುಹೋಗುತ್ತದೆ. ಕೂಡಿಸಬೇಕಾದವರು ಹನಿಯವರು. ಕೆಳಗಿನ ಮಣ್ಣು ಬಸಿಯದಿದ್ದರೆ ಮಾತ್ರ ಈ ಲೆಕ್ಕವೇ ಕೈಕೊಡುತ್ತದೆ, ತೊಳೆದ ಉಪ್ಪು ನೀರಿನ ಜೊತೆ ಮತ್ತೆ ಮೇಲಕ್ಕೆ ಬರುತ್ತದೆ.

ಹಂತ 6: ಪಂಪು ಎಷ್ಟು ಹೊತ್ತು ಓಡಬೇಕು

ಕೊಟ್ಟ ನೀರಿನಲ್ಲಿ ಬೇರಿಗೆ ಮುಟ್ಟುವ ಪಾಲನ್ನು ದಕ್ಷತೆ ಎನ್ನುತ್ತಾರೆ. ಯೋಜನೆಗೆ ಸಾಮಾನ್ಯವಾಗಿ ಹಿಡಿಯುವುದು ಹಾಯಿ ನೀರಿಗೆ ಶೇ. 60, ತುಂತುರಿಗೆ 75, ಹನಿಗೆ 90. ಮಣ್ಣಿನ ಕಾಲುವೆಯಲ್ಲಿ ನೀರು ತರುತ್ತಿದ್ದರೆ ದಾರಿಯಲ್ಲಿ ಹೋಗುವುದು ಬೇರೆ: 200 ಮೀಟರಿಗಿಂತ ಚಿಕ್ಕ ಕಾಲುವೆಯಲ್ಲೂ ಮರಳು ನೆಲವಾದರೆ ಶೇ. 80 ಮಾತ್ರ ಮುಟ್ಟುತ್ತದೆ.

ನಮ್ಮ ಟೊಮೆಟೊ ಅರ್ಧ ಹೆಕ್ಟೇರ್, ಅಂದರೆ 5,000 ಚದರ ಮೀಟರ್.

ಸಾಲಿನಲ್ಲಿ ಹರಿಸಿದರೆ: ಮೂರು ದಿನದ ಬಳಕೆ 25 ಮಿ.ಮೀ. ಅದನ್ನು 0.6ರಿಂದ ಭಾಗಿಸಿದರೆ 41.6. ಮೂರು ದಿನಕ್ಕೊಮ್ಮೆ 2,08,000 ಲೀಟರ್.

ಹನಿಯಲ್ಲಿ: ದಿನದ 8.3ನ್ನು 0.9ರಿಂದಲೂ, ತೊಳೆಯುವ ಪಾಲು ಬಿಟ್ಟ 0.86ರಿಂದಲೂ ಭಾಗಿಸಿದರೆ 10.7 ಮಿ.ಮೀ. ದಿನಕ್ಕೆ 53,500 ಲೀಟರ್.

ಪಂಪಿನ ನೀರನ್ನು ಅದರ ಮೇಲಿನ ಫಲಕ ನೋಡಿ ಬರೆಯಬೇಡಿ, ಅಳೆಯಿರಿ. 200 ಲೀಟರಿನ ಡ್ರಮ್ಮು 40 ಸೆಕೆಂಡಿಗೆ ತುಂಬಿದರೆ ಸೆಕೆಂಡಿಗೆ 5 ಲೀಟರ್, ಗಂಟೆಗೆ 18,000. ಪಂಪು ಶುರುವಾದ ಕೂಡಲೆ ಅಳೆಯದೆ ಒಂದು ತಾಸು ಓಡಿಸಿ ಅಳೆಯಿರಿ. ಬೇಸಿಗೆಯ ಕೊಳವೆ ಬಾವಿ ಮೊದಲ ಹತ್ತು ನಿಮಿಷ ಕೊಟ್ಟದ್ದನ್ನು ಕೊನೆಯವರೆಗೆ ಕೊಡುವುದಿಲ್ಲ. ಸಾಲಿಗೆ ಇದು ಹನ್ನೊಂದೂವರೆ ತಾಸು.

ಹನಿಗೆ ಮೂರು ತಾಸು ಎಂದು ತೋರುತ್ತದೆ. ಇಲ್ಲಿ ಬಹಳ ಜನ ಎಡವುತ್ತಾರೆ. ಲ್ಯಾಟರಲ್ ಪೈಪುಗಳ (ಡ್ರಿಪ್ಪರ್ ಇರುವ ಸಾಲು ಪೈಪುಗಳು) ನಡುವೆ 1.5 ಮೀಟರ್, ಡ್ರಿಪ್ಪರ್‌ಗಳ ನಡುವೆ ಅರ್ಧ ಮೀಟರ್ ಇದ್ದರೆ ಒಂದು ಡ್ರಿಪ್ಪರಿನ ಪಾಲಿಗೆ 0.75 ಚದರ ಮೀಟರ್. ಅದು ತಾಸಿಗೆ 2 ಲೀಟರಿನದಾದರೆ ತಾಸಿಗೆ 2.67 ಮಿ.ಮೀ. ಬೀಳುತ್ತದೆ. 10.7 ಮಿ.ಮೀ. ಬೀಳಲು ನಾಲ್ಕು ತಾಸು ಬೇಕು. ಅರ್ಧ ಹೆಕ್ಟೇರಿನ ಡ್ರಿಪ್ಪರ್‌ಗಳು ಒಟ್ಟಾರೆ ತಾಸಿಗೆ 13,300 ಲೀಟರ್ ಮಾತ್ರ ಬಿಡಬಲ್ಲವು, ಪಂಪು 18,000 ಕೊಟ್ಟರೂ ಉಳಿದದ್ದು ಒತ್ತಡವಾಗುತ್ತದೆ ಅಥವಾ ಬೈಪಾಸಿನಲ್ಲಿ ಹಿಂದಿರುಗುತ್ತದೆ. ಹನಿಯಲ್ಲಿ ಹೊತ್ತನ್ನು ನಿರ್ಧರಿಸುವುದು ಡ್ರಿಪ್ಪರು. ಪಂಪು ಅದಕ್ಕಿಂತ ಹೆಚ್ಚು ಕೊಡುತ್ತದೆಯೇ ಎಂದು ನೋಡಿಕೊಂಡರೆ ಸಾಕು.

ಇಡೀ ಬೆಳೆಗೆ ಎಷ್ಟು? ನಾಲ್ಕು ಹಂತಕ್ಕೂ ಆಯಾ ತಿಂಗಳ ಇಟಿಒವನ್ನು ಆ ಹಂತದ ಸರಾಸರಿ ಗುಣಾಂಕದಿಂದ (ನಡುಹಂತಕ್ಕೆ ತಿದ್ದಿದ 1.22) ಮತ್ತು ದಿನಗಳಿಂದ ಗುಣಿಸಿ ಕೂಡಿಸಿ. ಇಟಿಒ ಕ್ರಮವಾಗಿ 5, 6, 6.8, 7.2 ಇದ್ದರೆ ಸುಮಾರು 90 + 218 + 332 + 180 = 820 ಮಿ.ಮೀ. ಅರ್ಧ ಹೆಕ್ಟೇರಿಗೆ 41 ಲಕ್ಷ ಲೀಟರ್, ಹನಿಯ ನಷ್ಟ ಮತ್ತು ತೊಳೆಯುವ ನೀರು ಸೇರಿ 53 ಲಕ್ಷ. ಈ ಅವಧಿಯಲ್ಲಿ ಹಂತ 3ರ ಮಳೆ ದಕ್ಕುವ ಹಾಗಿದ್ದರೆ 820ರಿಂದ ಅದನ್ನು ಕಳೆದು ಆಮೇಲೆ ಭಾಗಿಸಿ. ಬಿತ್ತುವ ಮೊದಲೇ ಈ ಅಂಕಿ ನೋಡಬೇಕು. ಒಟ್ಟು ನೀರು ಸಾಕಾಗುವಂತಿದ್ದರೂ ಅತಿ ಬಿಸಿಲಿನ ಹತ್ತು ದಿನ ಪಂಪು ಸಾಲದೆ ಹೋಗಬಹುದು, ಆದ್ದರಿಂದ ಗರಿಷ್ಠ ಬೇಡಿಕೆಯ ದಿನಗಳನ್ನು ಬೇರೆಯಾಗಿ ಪರೀಕ್ಷಿಸಿ. ಸಾಲದಿದ್ದರೆ ಜಾಗ ಕಡಿಮೆ ಮಾಡಿ, ಇಡೀ ಜಾಗಕ್ಕೆ ಅರೆಹೊಟ್ಟೆ ನೀರು ಬೇಡ.

ಹಂತ 7: ಹೊಲದಲ್ಲಿ ತಾಳೆ ನೋಡುವುದು

ಕಾಗದದ ಲೆಕ್ಕ ಶೇ. 10–15 ಆಚೀಚೆ ಆಗುವುದು ಸಹಜ. ಎರಡನೇ ದಶಾಂಶದ ಬೆನ್ನು ಹತ್ತುವ ಬದಲು ಇವುಗಳನ್ನು ಮಾಡಿ.

ಡ್ರಿಪ್ಪರ್ ಪರೀಕ್ಷೆ: ನಾಲ್ಕು ಲ್ಯಾಟರಲ್‌ಗಳನ್ನು ಆರಿಸಿ ಪ್ರತಿಯೊಂದರಲ್ಲೂ ನಾಲ್ಕು ಕಡೆ, ಒಟ್ಟು 16 ಡ್ರಿಪ್ಪರಿನ ಕೆಳಗೆ ಲೋಟ ಇಟ್ಟು ಮೂರು ನಿಮಿಷ ಹಿಡಿಯಿರಿ. 2 ಲೀಟರಿನ ಡ್ರಿಪ್ಪರ್ 100 ಮಿಲಿಲೀಟರ್ ಕೊಡಬೇಕು. ಅತಿ ಕಡಿಮೆ ಬಂದ ನಾಲ್ಕರ ಸರಾಸರಿಯನ್ನು ಎಲ್ಲ ಹದಿನಾರರ ಸರಾಸರಿಯಿಂದ ಭಾಗಿಸಿ. 0.9 ಬಂದರೆ ಚೆನ್ನ. 0.7 ಬಂದರೆ ನಿಮ್ಮ ಹನಿ ನೀರಾವರಿಗೆ ಶೇ. 90 ದಕ್ಷತೆ ಎಂದು ಬರೆದುಕೊಂಡದ್ದನ್ನು ಹೊಡೆದುಹಾಕಿ. ಫಿಲ್ಟರ್ ತೊಳೆಯಿರಿ, ಲ್ಯಾಟರಲ್ ತುದಿ ಬಿಚ್ಚಿ ಕೆಸರು ಹರಿಯಬಿಡಿ, ಸುಣ್ಣ ಕಟ್ಟಿದ್ದರೆ ಆಮ್ಲ ಚಿಕಿತ್ಸೆ ಮಾಡಿಸಿ.

ಮಣ್ಣಿನ ಪರೀಕ್ಷೆ: ನೀರು ಕೊಟ್ಟ ಮರುದಿನ ಬೇರಿನ ಆಳದವರೆಗೆ ಅಗೆದು ಮಣ್ಣನ್ನು ಮುಷ್ಟಿಯಲ್ಲಿ ಹಿಸುಕಿ. ಗೋಡುಮಣ್ಣು ಉಂಡೆಯಾಗಿ ನಿಂತು, ಅಂಗೈಗೆ ತೇವ ಅಂಟಿ, ನೀರು ಒಸರದಿದ್ದರೆ ಹದ ಸರಿ. ಮುಂದಿನ ನೀರಿನ ಹಿಂದಿನ ದಿನ ಮತ್ತೆ ಅಗೆಯಿರಿ. ಉಂಡೆ ಕಟ್ಟದೆ ಪುಡಿಯಾದರೆ ತಡವಾಗಿದೆ, ಮೊದಲಿನಷ್ಟೇ ಒದ್ದೆಯಿದ್ದರೆ ಹೆಚ್ಚು ಕೊಡುತ್ತಿದ್ದೀರಿ. ಬೇರಿನ ಆಳಕ್ಕಿಂತ ಒಂದು ಗೇಣು ಕೆಳಗೂ ಕೈ ಹಾಕಿ ನೋಡಿ, ಅಲ್ಲಿ ಯಾವಾಗಲೂ ಕೆಸರಾಗಿದ್ದರೆ ನೀರಿನ ಜೊತೆ ಗೊಬ್ಬರವೂ ಅಲ್ಲೇ ಇದೆ.

ಟೆನ್ಸಿಯೋಮೀಟರ್ (ಮಣ್ಣು ನೀರನ್ನು ಎಷ್ಟು ಬಿಗಿಯಾಗಿ ಹಿಡಿದಿದೆ ಎಂದು ತೋರಿಸುವ ಕೊಳವೆ) ಇದ್ದರೆ ತರಕಾರಿಗೆ 20ರಿಂದ 40 ಸೆಂಟಿಬಾರ್ ನಡುವೆ ನೀರು ಕೊಡಿ, ಮರಳಿನಲ್ಲಿ ಕೆಳಮಿತಿ, ಜೇಡಿಯಲ್ಲಿ ಮೇಲ್ಮಿತಿ. 80 ದಾಟಿದರೆ ಕೊಳವೆಗೆ ಗಾಳಿ ಹೊಕ್ಕು ಮುಳ್ಳು ಸೊನ್ನೆಗೆ ಬೀಳುತ್ತದೆ. ಆಗ ‘ನೆಲ ಪೂರ್ತಿ ಒದ್ದೆ’ ಎಂದು ಓದಿಕೊಂಡು ನೀರು ನಿಲ್ಲಿಸಿ ಬೆಳೆ ಕಳೆದುಕೊಳ್ಳುವುದುಂಟು. ಸೊನ್ನೆ ಕಂಡರೆ ಮೊದಲು ಸಲಿಕೆ ಹಿಡಿಯಿರಿ.

ಗಿಡದ ಮುಖ ನೋಡುವುದಾದರೆ ಬೆಳಗ್ಗೆ ನೋಡಿ. ಮಟಮಟ ಮಧ್ಯಾಹ್ನ ಎಲೆ ಜೋತು ಬೀಳುವುದು ಒದ್ದೆ ನೆಲದಲ್ಲೂ ಆಗುತ್ತದೆ, ಬೇರು ಎಳೆಯುವುದಕ್ಕಿಂತ ವೇಗವಾಗಿ ಎಲೆ ಕಳೆದುಕೊಳ್ಳುತ್ತಿರುತ್ತದೆ ಅಷ್ಟೆ. ಸೂರ್ಯ ಹುಟ್ಟುವ ಹೊತ್ತಿಗೂ ಎಲೆ ಎದ್ದಿರದಿದ್ದರೆ ನೀರಿನ ಕೊರತೆ, ಇಲ್ಲವೇ ನೀರು ನಿಂತು ಬೇರು ಉಸಿರುಗಟ್ಟಿದೆ. ಯಾವುದೆಂದು ಅಗೆದರೆ ತಿಳಿಯುತ್ತದೆ.

ವಾರಕ್ಕೊಮ್ಮೆ ಒಂದು ಪುಸ್ತಕದಲ್ಲಿ ಐದು ಅಂಕಣ ಎಳೆದು ಬರೆಯಿರಿ: ಇಟಿಒ, ಗುಣಾಂಕ, ಮಳೆ, ಕೊಟ್ಟ ನೀರು, ಅಗೆದಾಗ ಕಂಡ ಹದ. ಎರಡು ವಾರ ಸತತವಾಗಿ ಹದ ಹೆಚ್ಚಾಗಿ ಕಂಡರೆ ಪಂಪಿನ ಹೊತ್ತನ್ನು ಶೇ. 10 ಇಳಿಸಿ, ಕಡಿಮೆ ಕಂಡರೆ ಶೇ. 10 ಏರಿಸಿ. ಒಂದೇ ಸಲಕ್ಕೆ ಅದಕ್ಕಿಂತ ಹೆಚ್ಚು ಬದಲಿಸಿದರೆ ತಪ್ಪು ಎಲ್ಲಿತ್ತು ಎಂದು ಮುಂದಿನ ವಾರ ಗೊತ್ತಾಗುವುದಿಲ್ಲ.